ಕಾರ್ಬೊರೇಟರಿನ ಮಂಜು ಕರಗುವವರೆಗೆ

ಚಳಿಗಾಲ ಬಂತೆಂದರೆ ಭಾವನ ಬಲ ಅಂಗೈ ಬಿಳಿಚಿಕೊಳ್ಳುತ್ತಿತ್ತು. ಹೊಲದ ಬಿಸಿಲಿಗೆ ಮೈಯೆಲ್ಲ ಇದ್ದಿಲಿನ ಹಾಗೆ ಕಪ್ಪಾಗಿದ್ದ ಮನುಷ್ಯ. ಆ ಅಂಗೈ ಮಾತ್ರ ಪೆಟ್ರೋಲಿಗೆ ಒಣಗಿ, ಗೆರೆಗೆರೆಯಾಗಿ ಸೀಳಿ, ಹಳೇ ಸುಣ್ಣದ ಗೋಡೆಯ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಹೊಲದಿಂದ ಬಂದು ಕಾಫಿ ಲೋಟ ಹಿಡಿದರೆ ಮೊದಲು ಆ ಅಂಗೈಯನ್ನು ಲೋಟಕ್ಕೆ ಒತ್ತಿಕೊಳ್ಳುತ್ತಿದ್ದರು. ಕುಡಿಯುವುದು ಆಮೇಲೆ.

ಅವರು ನಮ್ಮ ಅಕ್ಕನ ಗಂಡ. ನಮ್ಮದು ರಾಯದುರ್ಗ, ಅವರದು ಮಡಕಶಿರಾ ಹತ್ತಿರದ ಒಂದು ಹಳ್ಳಿ, ಎರಡೂ ತೆಲುಗು ಸೀಮೆಯೊಳಗಿನ ಕನ್ನಡದ ಊರುಗಳು. ಒಂದೇ ಜಿಲ್ಲೆಯೆಂದು ಹೇಳಿಕೊಂಡು ಬೆಳೆದರೂ ನಮ್ಮ ಕನ್ನಡಕ್ಕೂ ಅವರ ಕನ್ನಡಕ್ಕೂ ತುಂಬ ದೂರ. ನಾವು ಮಾತಿಗೊಂದು 'ರಿ' ಹಚ್ಚುವವರು. ಅವರ ಮನೆಯಲ್ಲಿ ಅತ್ತೆಯಿಂದ ಹಿಡಿದು ಎಮ್ಮೆಯವರೆಗೆ ಎಲ್ಲರಿಗೂ 'ಕಣಮ್ಮ'. ಮದುವೆಯ ಮನೆಯಲ್ಲಿ ನಾನು "ಊಟಕ್ಕ ಬರ್ರಿ ಭಾವ" ಎಂದು ಕರೆದಾಗ ಅವರು ಹಿಂದೆ ತಿರುಗಿ ನೋಡಿದ್ದರು, ಬೇರೆ ಯಾರೋ ದೊಡ್ಡವರು ಬಂದಿರಬೇಕೆಂದು.

ಅಕ್ಕನ ಮದುವೆಯಾದ ವರ್ಷವೇ ನಾನು ಕಾಲೇಜು ಮುಗಿಸಿ ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದ್ದೆ. ಡಿಸೆಂಬರಿನಲ್ಲಿ ರಜೆ ಸಿಕ್ಕಿತು. ಕಲ್ಯಾಣದುರ್ಗ, ಪಾವಗಡ ದಾಟಿ, ಬಸ್ಸಿನಿಂದ ಬಸ್ಸಿಗೆ ಹತ್ತಿ ಅವರ ಊರು ತಲುಪಿದೆ. ಮಾರನೇ ಬೆಳಿಗ್ಗೆ ಎದ್ದರೆ ಊರೇ ಇರಲಿಲ್ಲ. ಮನೆ ಮುಂದಿನ ಬೇವಿನ ಮರವೂ ಕಾಣದಷ್ಟು ಮಂಜು. ಬೇಸಿಗೆಯಲ್ಲಿ ಕಲ್ಲು ಸಿಡಿಯುವ ಸೀಮೆಯಲ್ಲಿ ಇಂಥ ಮಂಜು ಬೀಳುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಅಕ್ಕ, ಭಾವ, ನಾನು ಮೂವರೂ ರಾಗಿ ಹುಲ್ಲು ತರಲು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊರಟೆವು.

ಆ ಟ್ರ್ಯಾಕ್ಟರ್ ಬಗ್ಗೆ ಹೇಳಬೇಕು. ಭಾವನ ತಂದೆ ತುಮಕೂರು ಕಡೆಯ ಒಬ್ಬ ತೋಟದವರಿಂದ ತಂದ ಹಳೆಯ ವಿದೇಶಿ ಗಾಡಿ ಅದು. ಊರಿನಲ್ಲಿ ಆಗಲೇ ಹೊಸ ಡೀಸೆಲ್ ಟ್ರ್ಯಾಕ್ಟರುಗಳು ಬಂದಿದ್ದವು. ಡೀಸೆಲ್ ಎಂಜಿನ್ನಿಗೆ ಕಾರ್ಬೊರೇಟರ್ ಎಂಬುದೇ ಇಲ್ಲ. ಇವರದು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಕಾಲದ್ದು. ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಪೆಟ್ರೋಲಿನಲ್ಲೇ ಓಡಿಸುತ್ತಿದ್ದರು. ದೊಡ್ಡ ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಕರೆಸುವುದು, ಗೊಬ್ಬರ ಹೊರಲು, ಹುಲ್ಲು ತರಲು ಇದು. ಭಾವ ಅದನ್ನು 'ಅಜ್ಜಪ್ಪ' ಅನ್ನುತ್ತಿದ್ದರು.

ಕೆರೆ ಏರಿ ದಾಟುವ ಹೊತ್ತಿಗೆ ಅಜ್ಜಪ್ಪ ಕೆಮ್ಮಲು ಶುರು ಮಾಡಿತು. ಕರಿ ಹೊಗೆ ಬಿಟ್ಟು, ಎರಡು ಸಲ ಮುಗ್ಗರಿಸಿ, ಹುಣಸೇಮರದ ಹತ್ತಿರ ನಿಂತೇಬಿಟ್ಟಿತು. ಭಾವ ಬೈಯಲಿಲ್ಲ, ಗಾಬರಿಯಾಗಲಿಲ್ಲ. ಸ್ಟೇರಿಂಗ್ ಬಿಟ್ಟು ಇಳಿದು ಎಂಜಿನ್ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನನ್ನನ್ನು ಕರೆದರು.

"ಬಾರಮ್ಮ ಇಲ್ಲಿ. ಇದ್ನ ಮುಟ್ಟು."

ಬೆದರುತ್ತ ಕೈ ಚಾಚಿದೆ. ಅಷ್ಟು ದೂರ ಓಡಿದ ಎಂಜಿನ್, ಹತ್ತಿರ ಹೋದರೆ ಮುಖಕ್ಕೆ ಕಾವು ಹೊಡೆಯುತ್ತಿತ್ತು. ಅದರ ಮಗ್ಗುಲಲ್ಲೇ ತೂಗುಹಾಕಿದಂತಿದ್ದ ಒಂದು ಕಬ್ಬಿಣದ ಗಡ್ಡೆ, ಮುಟ್ಟಿದರೆ ಬೆರಳು ಹಿಂದಕ್ಕೆ ಬಂತು. ಅಷ್ಟು ತಣ್ಣಗೆ. ಅದರ ಕತ್ತಿನ ಸುತ್ತ ಪುಡಿ ಉಪ್ಪು ಸವರಿದ ಹಾಗೆ ಬೆಳ್ಳಗೆ ಮಂಜು ಕಟ್ಟಿತ್ತು.

"ಕಾರ್ಬೇಟ್ರು" ಅಂದರು ಭಾವ. "ಪೆಟ್ರೋಲು ಗಾಳಿ ಎರಡೂ ಇದ್ರಾಗೇ ಬೆರೆತು ಒಳೀಕೆ ಓಗಾದು. ಪಕ್ಕದಾಗೆ ಅಂಥಾ ಬೆಂಕಿ ಐತೆ. ಇದು ಯಾಕೆ ತಣ್ಣಗಾಗ್ತತೆ, ಹೇಳು ನೋಡಾಣ?"

"ಗೊತ್ತಿಲ್ರಿ ಭಾವ."

"ನಂಗೂ ಗೊತ್ತಿಲ್ಲ" ಎಂದು ನಕ್ಕರು. ಆ ಬಿಳಿಯ ಗಡ್ಡೆಯನ್ನು ಬಲ ಅಂಗೈಯಲ್ಲಿ, ಜ್ವರ ಬಂದ ಮಗುವಿನ ಕೆನ್ನೆ ಹಿಡಿಯುವ ಹಾಗೆ ಹಿಡಿದುಕೊಂಡರು. "ಸುಮ್ನೆ ಕುಂತ್ಕಂಡ್ರೆ ತಾನೇ ಸರಿಯಾಗ್ತತೆ."

ಅಕ್ಕ ಆಗಲೇ ಟ್ರೇಲರಿನಿಂದ ಇಳಿದು ಹುಣಸೇಮರದ ಕೆಳಗಿನ ಕಲ್ಲಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ಅದು ಅವಳ ಜಾಗ ಎಂಬಂತೆ ಕೂತಿದ್ದಳು. ಕೈಗೆಟುಕಿದ ಹುಣಸೇಕಾಯಿ ಕಿತ್ತು ಕಚ್ಚಿ, ಇನ್ನೊಂದನ್ನು ನನ್ನತ್ತ ಚಾಚಿದಳು. ಭಾವ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಎಮ್ಮೆ ಕರುವಿನ ವಿಷಯ, ಯಾರದೋ ಮನೆಯ ನಾಮಕರಣದ ವಿಷಯ ಮಾತಾಡಿದರು. ಮನೆಯಲ್ಲಿ ಅತ್ತೆ, ಮೈದುನ, ಬಂದುಹೋಗುವ ಜನ. ಹೊಲದಲ್ಲಿ ಕೆಲಸ. ಇವರಿಬ್ಬರು ಹೀಗೆ ಭುಜಕ್ಕೆ ಭುಜ ತಾಗಿಸಿ ಕೂತು ಮಾತಾಡುವುದು ಈ ಗಾಡಿ ನಿಂತಾಗ ಮಾತ್ರ ಎಂಬುದು ಆ ರಜೆಯಲ್ಲೇ ನನಗೆ ತಿಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಭಾವ ಎದ್ದು ಹೋಗಿ ಗಡ್ಡೆ ಮುಟ್ಟಿ ನೋಡಿದರು. ಎಂಜಿನ್ನಿನ ಕಾವು ಹರಿದು ಬಂದು ಮಂಜು ಕರಗಿ ನೀರು ತೊಟ್ಟಿಕ್ಕುತ್ತಿತ್ತು. ಹ್ಯಾಂಡಲ್ ತಿರುಗಿಸಿದರೆ ಅಜ್ಜಪ್ಪ ಏನೂ ಆಗಿಲ್ಲವೆಂಬ ಹಾಗೆ ಹೊರಟಿತು.

ಇದು ಯಾಕೆ ತಣ್ಣಗಾಗುತ್ತದೆ ಎಂಬುದು ಭಾವನಿಗೆ ಒಂದು ಗುಂಗಾಗಿತ್ತು. ಸಿಕ್ಕಸಿಕ್ಕವರನ್ನು ಕೇಳುತ್ತಿದ್ದರು. ಮಡಕಶಿರಾದ ಮೆಕ್ಯಾನಿಕ್ ಒಬ್ಬರು ಕಸ ಸಿಕ್ಕಿಕೊಂಡಿರಬೇಕೆಂದು ಇಡೀ ಕಾರ್ಬೊರೇಟರ್ ಬಿಚ್ಚಿ, ಊದಿ, ಕೊನೆಗೆ ತೆಲುಗಿನಲ್ಲಿ "ಏಮೀ ಲೇದು" ಎಂದು ಕೈ ಒರೆಸಿಕೊಂಡರಂತೆ. ಒಳಗೆ ಏನೂ ಇರಲಿಲ್ಲ, ನಿಜ. ಗಾಡಿ ನಿಲ್ಲಿಸುವ ಮಂಜು ಬಿಚ್ಚುವ ಹೊತ್ತಿಗೆ ನೀರಾಗಿ ಹೋಗಿರುತ್ತಿತ್ತು. ಒಬ್ಬ ಮುದಿ ಲಾರಿ ಡ್ರೈವರು ಬೇರೆಯೇ ಹೇಳಿದ್ದರು. "ಅದು ಚಳಿ ದೇಶದಾಗೆ ಹುಟ್ಟಿದ್ದು. ಹುಟ್ಟೂರ ಚಳಿ ಅದ್ರ ಮೈಯಾಗೆ ಇನ್ನೂ ಐತೆ." ಈ ಉತ್ತರ ಭಾವನಿಗೆ ಬಹಳ ಇಷ್ಟವಾಗಿತ್ತು, ಆದರೆ ನಂಬಿಕೆ ಬಂದಿರಲಿಲ್ಲ. ನನಗೆ ಯೂನಿಟ್ಟಿನ ಹೊಲಿಗೆ ಮಷಿನ್ ರಿಪೇರಿ ಮಾಡುವವರ ಪರಿಚಯವಿದೆಯೆಂದು ಗೊತ್ತಾಗಿ, ಅವರನ್ನೂ ಕೇಳು ಎಂದು ಹೇಳಿ ಕಳಿಸಿದ್ದರು. ಅವರು "ನಮ್ಮವು ಕರೆಂಟ್ ಮೋಟರ್ ಅಮ್ಮ, ಬರೀ ಬಿಸಿ ಆಗ್ತಾವ" ಎಂದು ನಕ್ಕು ಬಿಟ್ಟಿದ್ದರು.

ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಿ.

ಅಕ್ಕನಿಗೆ ಮಕ್ಕಳಾಗಲಿಲ್ಲ. ಆ ಕೊರಗು ಇನ್ನೂ ಹೊರಗೆ ಬರುವ ಮುಂಚೆಯೇ ರಕ್ತದ ಕಾಯಿಲೆ ಬಂತು. ಮೊದಲು ಸುಸ್ತು ಅಂದರು, ಆಮೇಲೆ ಜ್ವರ ಅಂದರು, ಆಮೇಲೆ ದೊಡ್ಡ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು. ನಾನು ಯೂನಿಟ್ಟಿಗೆ ರಜೆ ಹಾಕಿ ಅಕ್ಕನ ಬಳಿ ಉಳಿದೆ. ದಿನಾ ಬೆಳಿಗ್ಗೆ ನರ್ಸಮ್ಮ ಬಂದು ಸ್ಪಿರಿಟ್ಟಿನ ಹತ್ತಿ ಒರೆಸಿ ರಕ್ತ ತೆಗೆಯುತ್ತಿದ್ದರು. ಹಾಗೊಂದು ಬೆಳಿಗ್ಗೆ ಹತ್ತಿ ತಾಗಿದ ಕೂಡಲೇ ಅಕ್ಕ "ಅಬ್ಬಾ, ಎಷ್ಟು ತಣ್ಣಗೈತ್ರಿ" ಎಂದು ಕೈ ಎಳೆದುಕೊಂಡಳು.

ಬಾಗಿಲ ಬಳಿ ನಿಂತಿದ್ದ ಭಾವ ಒಳಗೆ ಬಂದರು. "ನರ್ಸಮ್ಮ, ಆ ಬಾಟ್ಲು ಐಸಿನಾಗೆ ಇಡ್ತೀರಾ?"

"ಇಲ್ಲಪ್ಪ. ಮೇಜಿನ ಮೇಲೇ ಇರೋದು."

"ಮತ್ತೆ ತಣ್ಣಗೆ ಯಾಕೆ?"

"ಸ್ಪಿರಿಟ್ ಬೇಗ ಹಾರಿಹೋಗುತ್ತಲ್ಲ. ಹಾರುವಾಗ ಚರ್ಮದ ಬಿಸಿ ತಗೊಂಡು ಹೋಗುತ್ತೆ" ಎಂದು ಅವರು ಸಿರಿಂಜಿನ ಮೇಲೆ ಕಣ್ಣಿಟ್ಟೇ ಹೇಳಿದರು.

ಭಾವ ತಮ್ಮ ಕೈ ಚಾಚಿ "ನಂಗೂ ವಸಿ ಹಚ್ಚಿ" ಅಂದರು. ನರ್ಸಮ್ಮ ನಗುತ್ತ ಅದೇ ಬಿಳಿಚಿದ ಅಂಗೈಗೆ ಹತ್ತಿ ಒರೆಸಿದರು. ಭಾವ ಉಫ್ ಎಂದು ಊದಿಕೊಂಡರು. ಇನ್ನೂ ತಣ್ಣಗಾಯಿತು. ಅವರ ಮುಖ ಅರಳಿತು. ಎಷ್ಟೋ ವಾರಗಳಿಂದ ನಾವು ಆ ಮುಖವನ್ನು ನೋಡಿರಲಿಲ್ಲ.

"ಇದೇ ಕಣೇ!" ಅಂದರು ಅಕ್ಕನಿಗೆ. "ಪೆಟ್ರೋಲು ಅಲ್ಲಿ ಸಣ್ಣ ತೂತಿನಾಗೆ ಚಿಮ್ತತೆ. ಎಂಜಿನ್ನು ಜೋರಾಗಿ ಗಾಳಿ ಎಳ್ಕಂತತೆ. ಗಾಳಿ ಬಿದ್ದಂಗೆ ಪೆಟ್ರೋಲು ಆವಿಯಾಗಿ ಹಾರ್ತತೆ. ಹಾರಕ್ಕೆ ಬಿಸಿ ಬೇಕಲ್ಲ, ಎಲ್ಲಿಂದ ತಗಂತತೆ? ಪಕ್ಕದಾಗಿರೋ ಕಬ್ಬಿಣದಿಂದ. ಅದ್ಕೇ ಅದು ತಣ್ಣಗಾಗಾದು. ಮಂಜಿನ ದಿನ ಗಾಳಿಯಾಗೆ ತ್ಯಾವ ಇರ್ತತೆ, ಆ ತ್ಯಾವ ಒಳಗೆ ಗಡ್ಡೆ ಕಟ್ಟಿ ದಾರಿ ಮುಚ್ತತೆ. ಎಂಜಿನ್ನಿಗೆ ಉಸ್ರು ಸಿಗಾಕಿಲ್ಲ!"

ಅಕ್ಕ ದಿಂಬಿಗೆ ಒರಗಿ ನಗುತ್ತಿದ್ದಳು. ಸೂಜಿ ಚುಚ್ಚಿದ್ದೂ ಅವಳಿಗೆ ಗೊತ್ತಾಗಲಿಲ್ಲ. "ಏನ್ರಿ, ನಾನಿಲ್ಲಿ ಸಾಯಾಕ ಹತ್ತೀನಿ, ನಿಮಗ ಅಜ್ಜಪ್ಪಂದೇ ಚಿಂತಿ ಆಗೇತಲ್ಲ" ಅಂದಳು. ನಗುತ್ತಲೇ ಅಂದಳು. ಭಾವನೂ ನಕ್ಕರು. ಹೊರಗೆ ಬಂದು ವರಾಂಡದ ನಲ್ಲಿಯ ಕೆಳಗೆ ಕೈಯೊಡ್ಡಿ ಬಹಳ ಹೊತ್ತು ಮುಖ ತೊಳೆದುಕೊಂಡರು.

ಅಕ್ಕ ಆ ಚಳಿಗಾಲ ದಾಟಲಿಲ್ಲ. ಅವರ ಹೊಲದಲ್ಲೇ, ಬದುವಿನ ಪಕ್ಕ ಮಣ್ಣು ಮಾಡಿದೆವು.

ವರ್ಷದ ತಿಥಿಗೆ ನಾನು ಹೋದಾಗ ಎಂಜಿನ್ನಿನ ಪಕ್ಕ ಹೊಸದೊಂದು ತಗಡು ಕಂಡೆ. ಮೂಲದಲ್ಲಿ ಆ ಗಾಡಿಗೆ ಬಿಸಿ ಹೊಗೆಯ ಕೊಳವೆಯ ಕಾವನ್ನು ಕಾರ್ಬೊರೇಟರಿನ ಕಡೆ ತಿರುಗಿಸುವ ಒಂದು ಮುಚ್ಚಳವಿತ್ತಂತೆ. ಅದು ತುಕ್ಕು ಹಿಡಿದು ಉದುರಿ ಯಾವ ಕಾಲವಾಗಿತ್ತೋ. ಭಾವ ಎಣ್ಣೆ ಡಬ್ಬ ಕತ್ತರಿಸಿ, ಬಗ್ಗಿಸಿ, ಅಂಥದ್ದೇ ಒಂದನ್ನು ಮಾಡಿ ತಂತಿಯಿಂದ ಬಿಗಿದಿದ್ದರು. ಕೊಳವೆಯ ಸುತ್ತ ಕಾದ ಗಾಳಿಯೇ ಎಂಜಿನ್ನಿಗೆ ಹೋಗುವ ಹಾಗೆ. ಆ ಬೆಳಿಗ್ಗೆ ದಟ್ಟ ಮಂಜಿತ್ತು. ಅಜ್ಜಪ್ಪ ಕೆರೆ ಏರಿ ದಾಟಿತು, ಹುಣಸೇಮರ ದಾಟಿತು, ಒಂದು ಸಲವೂ ಕೆಮ್ಮದೆ ಹೊಲ ಮುಟ್ಟಿತು.

"ಛಲೋ ಆತಲ್ರಿ ಭಾವ" ಅಂದೆ.

"ಹೂಂ" ಅಂದರು. ಹುಣಸೇಮರದ ಕಡೆ ಅವರು ತಿರುಗಿಯೂ ನೋಡಿರಲಿಲ್ಲ.

ಎಡೆ ಇಟ್ಟು ವಾಪಸು ಹೊರಡುವಾಗ ಅವರು ಇಕ್ಕಳ ತೆಗೆದುಕೊಂಡು ಎಂಜಿನ್ನಿನ ಪಕ್ಕ ಕೂತರು. ತಂತಿ ಬಿಚ್ಚಿ ತಗಡನ್ನು ಟ್ರೇಲರಿನೊಳಗೆ ಎಸೆದರು.

"ಯಾಕ್ರಿ ತೆಗದ್ರಿ?"

"ನಿಲ್ಲಾದೇ ಇಲ್ಲ ಕಣಮ್ಮ ಈಗ. ಮನೆ ಬುಟ್ರೆ ಹೊಲ, ಹೊಲ ಬುಟ್ರೆ ಮನೆ." ಇಕ್ಕಳ ಒರೆಸಿ ಜೇಬಿಗಿಟ್ಟುಕೊಂಡರು. "ಸುಮ್ ಸುಮ್ನೆ ದಾರಿಯಾಗೆ ನಿಲ್ಸಿ ಮರದ ಕೆಳಗೆ ಕುಂತ್ಕಂಡ್ರೆ ಜನ ಏನಂತಾರೆ? ಗಾಡಿ ನಿಂತ್ರೆ ಯಾರೂ ಕೇಳಾಕಿಲ್ಲ."

ಇದಾದ ಕೆಲವು ತಿಂಗಳಿಗೆ ನಮ್ಮ ಮನೆಯಲ್ಲಿ ಮಾತು ಎದ್ದಿತು. ಎತ್ತಿದವರು ನಮ್ಮ ದೊಡ್ಡಪ್ಪ. ನಮ್ಮ ಅಪ್ಪ ಇರಲಿಲ್ಲ, ದೊಡ್ಡಪ್ಪನ ಮಾತೇ ನಡೆಯುವುದು. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವುದು ನಮ್ಮಲ್ಲಿ ಹೊಸದಲ್ಲ. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ಮನೆ ಗೊತ್ತು. ನನಗೂ ವಯಸ್ಸಾಗುತ್ತಿತ್ತು. ಅವ್ವ ಕಣ್ಣೀರು ಹಾಕಿಕೊಂಡು "ಆಕಿ ಮನಿ ಬೇರೆಯವರ ಪಾಲಾಗಬಾರದವ್ವ" ಅಂದಳು. ನನ್ನನ್ನು ಬೇಕೇ ಬೇಡವೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಏನು ಹೇಳುತ್ತಿದ್ದೆನೋ.

ಭಾವ ಕೆಟ್ಟವರಾಗಿದ್ದರೆ ಸುಲಭವಾಗಿರುತ್ತಿತ್ತು. ಅವರಷ್ಟು ಒಳ್ಳೆಯ ಗಂಡಸನ್ನು ನಾನು ಕಂಡಿರಲಿಲ್ಲ. ಆದರೆ ಅವರನ್ನು ನೆನೆದರೆ ಪಕ್ಕದಲ್ಲಿ ಅಕ್ಕ ಬಂದು ಕೂರುತ್ತಿದ್ದಳು, ಆ ಕಲ್ಲಿನ ಮೇಲೆ, ಸೆರಗು ಹೊದ್ದು. ನಾನು ಹೋಗಿ ಆ ಜಾಗದಲ್ಲಿ ಕೂತರೆ ಅವಳೆಲ್ಲಿ ಕೂರಬೇಕು? ಅವಳ ಬಗ್ಗೆ ಮಾತಾಡಲು ಜಗತ್ತಿನಲ್ಲಿ ನನಗಿದ್ದವರು ಭಾವ ಒಬ್ಬರೇ. ಅವರ ಹೆಂಡತಿಯಾದರೆ ಅದೂ ಹೋಗುತ್ತದೆ ಅನಿಸುತ್ತಿತ್ತು. ಇದನ್ನೆಲ್ಲ ದೊಡ್ಡಪ್ಪನ ಮುಂದೆ ಹೇಳುವುದು ಹೇಗೆ? ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನು ಎಲ್ಲರೂ ಒಪ್ಪಿಗೆ ಅಂದುಕೊಂಡರು.

ಒಂದು ಭಾನುವಾರ ಭಾವ ತಮ್ಮ ಸ್ವಂತ ಅಕ್ಕನನ್ನು ಕರೆದುಕೊಂಡು ರಾಯದುರ್ಗಕ್ಕೆ ಬಂದರು. ನಮ್ಮ ಅಕ್ಕ ಅವರನ್ನು ಅತ್ತಿಗೆ ಅನ್ನುತ್ತಿದ್ದಳು, ನಾನೂ ಹಾಗೇ ಕರೆಯುತ್ತಿದ್ದೆ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನಮ್ಮ ಪಡಸಾಲೆಯಲ್ಲಿ ದೊಡ್ಡಪ್ಪ, ಇನ್ನಿಬ್ಬರು ಹಿರಿಯರು. ನಾನು ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ನೀರು ಕುಡಿದು ತಂಬಿಗೆಯನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಮತ್ತ ಹೆಂಗ್ರಿ ಅಳಿಯಂದ್ರ, ಮುಂದಿನ ತಿಂಗಳ ಛಲೋ ದಿನ ಅದಾವ."

"ನಂಗೆ ಬ್ಯಾಡ" ಅಂದರು ಭಾವ.

ಅತ್ತಿಗೆ ಬೆಚ್ಚಿ ತಮ್ಮನ ಮುಖ ನೋಡಿದರು.

"ಅಂದ್ರ?"

"ನಂಗೆ ಮದ್ವೆ ಬ್ಯಾಡ. ಹೇಳಿ ಓಗಾಣ ಅಂತ ಬಂದೆ."

ದೊಡ್ಡಪ್ಪನಿಗೆ ರೇಗಿತು. "ಇದನ್ನ ಹೇಳಾಕ ಇಷ್ಟು ದೂರ ಬರ್ಬೇಕಿತ್ತಾ? ನಮ್ಮ ಹುಡುಗಿಗೆ ಏನು ಕಮ್ಮಿ ಆಗೇತಿ?" ಒಳಗಿಂದ ಅವ್ವನೂ ಬಂದು ಅತ್ತಳು, ಬಾಯಿಗೆ ಬಂದದ್ದು ಅಂದಳು. ಭಾವ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. "ಅವಳ್ದೇನೂ ತೆಪ್ಪಿಲ್ಲ. ನಂದೇ" ಎಂದು ಎರಡು ಸಲ ಹೇಳಿದರು. ಊಟ ಮಾಡದೆ ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಕಂಬದ ಹಿಂದೆ ನಿಂತಿದ್ದ ನನಗೆ ಕೇಳಿಸುವಷ್ಟೇ ಮೆಲ್ಲಗೆ "ಹೊಲಿಗೆ ಕೆಲಸ ಬುಡಬ್ಯಾಡ" ಅಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು, ನಿಜ. ಅದರ ಹಿಂದೆಯೇ ಸಣ್ಣದೊಂದು ನೋವೂ ಬಂತು. ಬೇಡವೆಂದು ನಾನು ಅಂದುಕೊಂಡಿದ್ದೆ. ಅವರಿಗೂ ನಾನು ಬೇಡವಾಗಿದ್ದೆ. ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಹೋಗಿಬರುವುದು ನಿಂತಿತು. ಹೆಣ್ಣು ಬೇಡವೆಂದು ಎದ್ದುಹೋದವರ ಮನೆಗೆ ನಾನು ಯಾವ ಮುಖದಿಂದ ಹೋಗಲಿ? ಅವರ ಹೆಸರೆತ್ತಿದರೆ ಅವ್ವ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಆ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ನಾನು ಯೂನಿಟ್ಟಿಗೆ ಹೊರಟಾಗ ಫೋನು ಬಂತು. ಹಲೋ ಎಂದೂ ಅನ್ನದೆ ಹೇಳಿದರು.

"ನಿಂತೈತೆ."

"ಏನ್ರಿ ಭಾವ?"

"ಅಜ್ಜಪ್ಪ. ಹುಣಸೇಮರದ ತಾವ."

ಅತ್ತ ಕಡೆ ಎಂಜಿನ್ನಿನ ಸದ್ದಿಲ್ಲ, ಒಂದು ಕಾಗೆ ಮಾತ್ರ ಕೂಗುತ್ತಿತ್ತು. ಆಮೇಲೆ ಅವರೇ ಅಂದರು, "ಕಾಯಿ ಬಂದೈತೆ. ನಿಮ್ಮಕ್ಕ ಇದ್ದಿದ್ರೆ ಒಂದ್ ಮಡಿಲು ಕಿತ್ಕಂಡಿರೋಳು." ನಾನು ಬೀದಿಯಲ್ಲಿ ನಿಂತೇ ಮಾತಾಡಿದೆ. ಹೊತ್ತು ಕಳೆಯಿತು. ಅವರು ನಡುವೆ ಎದ್ದು ಹೋಗಿ ಮುಟ್ಟಿ ನೋಡಿ ಬಂದಿರಬೇಕು. "ನೀರು ಬುಡ್ತಾ ಐತೆ. ಇಡ್ಲಾ?" ಎಂದು ಫೋನು ಇಟ್ಟರು.

ಅಲ್ಲಿಂದ ಪ್ರತಿ ಚಳಿಗಾಲವೂ ಹಾಗೇ. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಒಂದು ಫೋನೂ ಇಲ್ಲ. ಮಂಜು ಬಿದ್ದ ಬೆಳಿಗ್ಗೆ ಮಾತ್ರ ಆ ಒಂದೇ ಮಾತು, "ನಿಂತೈತೆ." ಕಾರ್ಬೊರೇಟರಿನ ಮಂಜು ಕರಗುವಷ್ಟು ಹೊತ್ತು ನಾವು ಅಕ್ಕನ ಬಗ್ಗೆ ಮಾತಾಡುತ್ತಿದ್ದೆವು. ನನಗೆ ಗೊತ್ತಿಲ್ಲದ ಅಕ್ಕ ಅವರ ಬಳಿ ಇದ್ದಳು. ಎಮ್ಮೆಗೆ ಹಾಡು ಹೇಳಿದರೆ ಹಾಲು ಹೆಚ್ಚು ಕೊಡುತ್ತದೆಂದು ನಂಬಿದವಳು, ಅತ್ತೆ ಬೈದ ದಿನ ಮುದ್ದೆಯನ್ನು ಇನ್ನೂ ದುಂಡಗೆ ಕಟ್ಟುತ್ತಿದ್ದವಳು. ಅವರಿಗೆ ಗೊತ್ತಿಲ್ಲದವಳು ನನ್ನ ಬಳಿ. ರಾಯದುರ್ಗದ ಕೋಟೆಯ ಬೆಟ್ಟ ಹತ್ತಿ ಬಂಡೆಗೆ ಎದುರಾಗಿ ತನ್ನ ಹೆಸರನ್ನೇ ಕೂಗಿ, ಬಂಡೆ ತಿರುಗಿ ಕರೆದರೆ "ಬಂದೆ ತಡೀರಿ" ಎಂದು ಉತ್ತರ ಕೊಡುತ್ತಿದ್ದ ಹುಡುಗಿ. ಭೈರವಾನಿತಿಪ್ಪದ ಡ್ಯಾಮ್ ನೋಡಲು ಹೋದಾಗ ಅಷ್ಟು ನೀರು ಕಂಡು ಹೆದರಿ ಅಪ್ಪನ ಪಂಚೆ ಬಿಡದವಳು. ಬಂಡೆಯ ಕಥೆಯನ್ನು ಭಾವ ಪ್ರತಿ ವರ್ಷ ಕೇಳುತ್ತಿದ್ದರು. "ಬಂದೆ ತಡೀರಿ ಅಂತಿದ್ಲಾ?" ಎಂದು ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದರು. ಮದುವೆಯ ಮಾತು, ಆ ಭಾನುವಾರದ ಮಾತು ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ.

ಅವ್ವ ತೀರಿಕೊಂಡಾಗ ಬಂದಿದ್ದರು. ಬೀದಿಯ ಆ ಬದಿಯಲ್ಲಿ ನಿಂತು, ಹೆಣ ಎತ್ತಿದ ಮೇಲೆ ಹೆಗಲು ಕೊಟ್ಟು, ಯಾರ ಜೊತೆಯೂ ಮಾತಾಡದೆ ಬಸ್ಸಿಗೆ ಹೋದರು. ನಾನು ಯೂನಿಟ್ ಬಿಟ್ಟು ಮನೆಯಲ್ಲೇ ಮೂರು ಮಷಿನ್ ಹಾಕಿಕೊಂಡೆ. ಮದುವೆಯಾಗಲಿಲ್ಲ. ಹಾಗೆಂದು ವ್ರತವೇನೂ ಹಿಡಿದಿರಲಿಲ್ಲ. ಹೊಲಿಗೆಯಲ್ಲೇ ವರ್ಷಗಳು ಹೋದವು. ಅವರೂ ಒಂಟಿ, ನಾನೂ ಒಂಟಿ. ಇದು ಇಬ್ಬರೂ ಬಯಸಿ ಪಡೆದದ್ದು, ಹಾಗಾಗಿ ದೂರಲು ಕಾರಣವಿಲ್ಲ ಅಂದುಕೊಂಡಿದ್ದೆ.

ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಮಧ್ಯಾಹ್ನ ಆ ಕಡೆಯಿಂದ ಫೋನು ಬಂದಾಗಲೇ ನನಗೆ ಗೊತ್ತಾಯಿತು.

ಬೆಳಿಗ್ಗೆ ಮಂಜಿತ್ತಂತೆ. ಟ್ರ್ಯಾಕ್ಟರ್ ಹುಣಸೇಮರದ ಹತ್ತಿರ ನಿಂತಿತ್ತು. ಭಾವ ಕಲ್ಲಿನ ಮೇಲೆ, ಮರಕ್ಕೆ ಒರಗಿ ಕೂತಿದ್ದರು. ಹಾಲಿನವನು ನೋಡಿಕೊಂಡು ಹೋದ. ಕುರಿಯವರು ನೋಡಿಕೊಂಡು ಹೋದರು. "ಗಾಡಿ ನಿಂತೈತೆ, ಕುಂತವ್ನೆ ಅಂತ ಎಲ್ರೂ ಹಂಗಂಗೇ ಹೋದ್ರು ಕಣಮ್ಮ" ಎಂದು ಅತ್ತಿಗೆ ಅತ್ತರು. ಮಂಜು ಹೋಗಿ ಬಿಸಿಲು ಮುಖಕ್ಕೆ ಬಿದ್ದರೂ ಅವರು ಏಳದಿದ್ದಾಗ ಯಾರೋ ಹೋಗಿ ಮುಟ್ಟಿದರು. ಎದೆ ನಿಂತಿತ್ತು.

ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು, ಅಕ್ಕನ ಪಕ್ಕದಲ್ಲೇ. ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಡುವವರೆಗೆ ಉಳಿದುಕೊಂಡೆ. ಆ ಬೆಳಿಗ್ಗೆ ಹೊಲಕ್ಕೆ ನಡೆಯುತ್ತ ಹೋಗುವಾಗ ಅತ್ತಿಗೆ ನನ್ನ ಜೊತೆ ಹಿಂದುಳಿದರು. ಅವರಿಗೆ ಮೊಣಕಾಲು ನೋವು. ನನ್ನ ತೋಳು ಹಿಡಿದುಕೊಂಡಿದ್ದರು.

"ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ" ಅಂದರು. "ಅವತ್ತು ರಾಯದುರ್ಗಕ್ಕೆ ಬಂದಾಗ ಅವ್ನು ಬ್ಯಾಡ ಅನ್ನಾಕೆ ಬಂದಿರ್ಲಿಲ್ಲ. ಒಪ್ಕಂಡೇ ಬಂದಿದ್ದ. ಸೀರೆ, ಹೂವು ನನ್ ಚೀಲದಾಗೇ ಇದ್ವು. ಅವ್ನೇ ಆರ್ಸಿದ್ದು ಸೀರೆ."

ನಾನು ನಿಂತೆ.

"ವಾಪಸ್ ಬರೋ ಬಸ್ಸಿನಾಗೆ ಬೈದೆ, ಇದೇನಪ್ಪ ಹಿಂಗ್ ಮಾಡ್ದೆ ಅಂತ. ಅವ್ನಂದ, 'ನೀರು ತಂದಾಗ ಆ ಹುಡ್ಗಿ ಮಖ ನೋಡ್ದೆ ಕಣಕ್ಕ. ಭಯ ಬಿದ್ದವ್ಳೆ. ನಾನು ಹೂಂ ಅಂದ್ರೆ ಅವ್ಳೂ ಹೂಂ ಅಂತಾಳೆ. ಬ್ಯಾಡ ಅನ್ನಾಕೆ ಅವ್ಳಿಗೆ ಯಾರೂ ಜಾಗ ಬುಟ್ಟಿಲ್ಲ' ಅಂದ. ಇನ್ನೇನೂ ಅನ್ಲಿಲ್ಲ. ನಿಂಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕಂಡ. ಈಗ ಅವ್ನೇ ಇಲ್ಲ, ಆಣೆ ಯಾರಿಗೆ?"

ಅತ್ತಿಗೆ ನನ್ನ ತೋಳು ಒತ್ತಿದರು. ಮುಂದೆ ಹೋದವರು ನಮಗಾಗಿ ಕಾಯುತ್ತಿದ್ದರು. ನಡೆದೆವು. ಆ ಎಲ್ಲ ಚಳಿಗಾಲದ ಬೆಳಗುಗಳಲ್ಲಿ, ಬಂಡೆಯ ಕಥೆ ಕೇಳಿ ನಗುವಾಗ, ನಾವಿಬ್ಬರೂ ಸಮ ಎಂದು ನಾನು ತಿಳಿದಿದ್ದೆ. ಸಮವಾಗಿರಲಿಲ್ಲ. ನನಗೆ ಬೇಕಾಗಿದ್ದ ಒಂಟಿತನವನ್ನು ನನಗೆ ಕೊಟ್ಟು, ತಮಗೆ ಬೇಡವಾಗಿದ್ದ ಒಂಟಿತನವನ್ನು ಅವರು ಇಟ್ಟುಕೊಂಡಿದ್ದರು. ಹೆಣ್ಣಿಗೆ ಅವಮಾನ ಮಾಡಿದವನೆಂಬ ಹೆಸರನ್ನೂ ಅದರ ಜೊತೆಗೇ.

ಭಾವನ ಮಣ್ಣಿನ ಗುಡ್ಡೆಯ ಮುಂದೆ ಎಲ್ಲರೂ ಸಾಲಾಗಿ ನಿಂತಿದ್ದರು. ನನ್ನ ಸರದಿ ಬಂದಾಗ, ಬೇರೆ ಊರಿಂದ ಬಂದಿದ್ದ ಒಬ್ಬ ಹೆಂಗಸು "ಈಯಮ್ಮ ಏನಾಗ್ಬೇಕು ಅವ್ರಿಗೆ?" ಎಂದು ಕೇಳಿದಳು. ಅತ್ತಿಗೆ ನನ್ನ ಕಡೆ ನೋಡಿದರು.

"ಹೆಂಡ್ತಿ ತಂಗಿ ಆಗ್ಬೇಕ್ರಿ" ಅಂದೆ.

ಆಕೆ ಜಾಗ ಬಿಟ್ಟಳು. ಹಾಲು ಹುಯ್ದೆ. ಹಸಿ ಮಣ್ಣು ಕೂಡಲೇ ಕುಡಿಯಿತು. ಅಕ್ಕನ ಗುಡ್ಡೆಗೆಂದು ಸ್ವಲ್ಪ ಉಳಿಸಿಕೊಂಡಿದ್ದೆ, ಅದನ್ನೂ ಹುಯ್ದು ಹಿಂದೆ ಸರಿದೆ.

ಅಕ್ಕನ ಬಗ್ಗೆ ನನ್ನ ಜೊತೆ ಮಾತಾಡುವವರು ಈಗ ಯಾರೂ ಉಳಿದಿಲ್ಲ. ಭಾವನ ಬಗ್ಗೆ ಮಾತಾಡಲು ಮೊದಲಿನಿಂದಲೂ ಯಾರೂ ಇರಲಿಲ್ಲ. ಅದಕ್ಕೇ ಇಷ್ಟನ್ನು ಬರೆದೆ.